ಬಲಕ್ಕೆ ತಿರುಗಿದ ಎಲೆ

ಊಟಕ್ಕೆ ಬಾಳೆಲೆ ಒರೆಸಿ ಹಾಕುತ್ತಿದ್ದ ಐದು ವರ್ಷದ ಕಿನ್ನಿ, ಕೊನೆಯ ಎಲೆಯನ್ನು ಅಮ್ಮನ ಜಾಗದಲ್ಲಿಟ್ಟು ಅದರ ತುದಿಯನ್ನು ಬಲಕ್ಕೆ ತಿರುಗಿಸಿದಳು. ಹಾಗೆ ಹಾಕುವುದು ಸತ್ತವರಿಗೆ. ತೀರಿಹೋದ ಅಜ್ಜನಿಗೆ ಬಡಿಸುವಾಗ ಅವಳು ನೋಡಿದ್ದಳು. ಅಜ್ಜಿ ಅಮ್ಮುವಿನ ಕೈಯ ಸೌಟು ಅನ್ನದಲ್ಲೇ ನಿಂತಿತು.

ಅಮ್ಮುವಿನ ಮಗಳು, ಕಿನ್ನಿಯ ಅಮ್ಮ ಸುಂದರಿ ಸತ್ತು ಮೂರು ತಿಂಗಳಾಗಿತ್ತು. ಅಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಳೆಂದು ಎಲ್ಲರೂ ಕಿನ್ನಿಗೆ ಹೇಳುತ್ತಿದ್ದರು. ಅಂದಿನಿಂದ ಕಿನ್ನಿ ಒಂದು ಮಾತೂ ಆಡಿರಲಿಲ್ಲ. ಬೊಂಬಾಯಿಯಲ್ಲಿದ್ದ ಅವಳ ಅಪ್ಪನಿಗೆ ಸಾವಿನ ಸುದ್ದಿ ಬರೆಸಿದ ಕಾಗದವೂ ಅಂಚೆಗೆ ಹೋಗದೆ ಹಂಚಿನ ಮಾಡಿನ ಸಂದಿಯಲ್ಲೇ ಇತ್ತು. ಅವನು ಅಳುತ್ತ ಬಂದರೆ ಮಗುವಿಗೆ ತಿಳಿಯುತ್ತದೆಂದು ಸೋದರಮಾವ ವಾಸಪ್ಪ ತಡೆದಿದ್ದ.

"ಎಲೆ ಉಲ್ಟಾ ಆಯ್ತಲ್ಲ ಕಿನ್ನಿ," ಎಂದು ವಾಸಪ್ಪ ಕೈ ಚಾಚಿದ. ಅವಳು ಎರಡೂ ಅಂಗೈಗಳಿಂದ ಎಲೆಯನ್ನು ಒತ್ತಿ ಹಿಡಿದಳು.

"ಅಮ್ಮನಿಗೆ ಇನ್ನು ಹೀಗೆಯೇ ಹಾಕುದು, ಮಾವ."

ಅಮ್ಮು ಆ ಎಲೆಗೆ ಒಂದು ಸೌಟು ಅನ್ನ ಬಡಿಸಿ, ಮಣೆ ಹತ್ತಿ ಮಾಡಿನ ಸಂದಿಯಿಂದ ಕಾಗದ ಎಳೆದಳು.

"ಅದು ಈಗ ಬೇಡ ಅಮ್ಮಾ," ಎಂದ ವಾಸಪ್ಪ.

"ನೀನು ಉಣ್ಣು ಮಾರಾಯ. ಅವಳಿಗೆ ಎಲ್ಲ ಗೊತ್ತುಂಟು. ಹೆದರಿ ಕೂತದ್ದು ನಾವು."

ಕಿನ್ನಿಯ ಕೈ ಹಿಡಿದು ಹೊರಟ ಅಮ್ಮು ಪೈವಳಿಕೆಯ ಅಂಚೆಪೆಟ್ಟಿಗೆಯವರೆಗೂ ಹಿಂತಿರುಗಿ ನೋಡಲಿಲ್ಲ. ಅಜ್ಜಿ ತನ್ನನ್ನು ಎತ್ತಿ ಹಿಡಿದ ಕೂಡಲೇ ಕಿನ್ನಿ ಕಾಗದವನ್ನು ಒಳಗೆ ತಳ್ಳಿದಳು. ಅದು ಬಿತ್ತೋ ಇಲ್ಲವೋ ಎಂದು ಬೆರಳು ತೂರಿಸಿ ನೋಡಿದಳು.