ಮಾಡಿದವರ ಹೆಸರು

“ನೋಡು, ಆ ಮೂಲೆ ಅಂಗಡಿಯವನಿಗೆ ಐದು ನಕ್ಷತ್ರ. ನಿನ್ನೆ ಮೊನ್ನೆ ಬಾಗಿಲು ತೆಗೆದವನು! ನಾವು ಮಾತ್ರ ಫೋನಲ್ಲಿ ಎಷ್ಟು ಹುಡುಕಿದ್ರೂ ಸಿಗಲ್ಲ,” ಎಂದು ವಿಗ್ ಅಂಗಡಿಯ ಯಜಮಾನರು ಫೋನನ್ನು ಮೇಜಿನ ಮೇಲೆ ಕುಕ್ಕಿದರು. ಗೋಡೆಯುದ್ದಕ್ಕೂ ಸಾಲಾಗಿದ್ದ ದೊಡ್ಡ ಕನ್ನಡಿಗಳ ಮುಂದೆ ಕುರ್ಚಿಗಳೆಲ್ಲ ಖಾಲಿ. ಇನ್ನೂ ಕೆಲವು ದಿನ ಹೀಗೇ ನಡೆದರೆ ಅಂಗಡಿ ಮುಚ್ಚುವುದೇ ಸೈ.

ವೆಬ್‌ಸೈಟ್ ಕೆಲಸ ಬಲ್ಲ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. “ನಮ್ಮ ಪುಟದಲ್ಲಿ ಎಲ್ಲಾ ಇದೆ ಅಪ್ಪಾ. ಆದ್ರೆ ಯಾವುದು ವಿಳಾಸ, ಯಾವುದು ಬೆಲೆ ಅಂತ ಹುಡುಕೋ ಯಂತ್ರಕ್ಕೆ ಸರಿಯಾಗಿ ಗೊತ್ತಾಗ್ತಿಲ್ಲ. ಅಡುಗೆಮನೆ ಡಬ್ಬಗಳಿಗೆ ಚೀಟಿ ಅಂಟಿಸ್ತೀವಲ್ಲ, ಹಾಗೆ ಒಂದೊಂದಕ್ಕೂ ಚೀಟಿ ಅಂಟಿಸ್ತಿದ್ದೀನಿ. ಪುಟದ ಹಿಂದೆ, ಕೋಡ್‌ನಲ್ಲಿ. ಅಂಗಡಿ ಹೆಸರಾಯ್ತು, ತೆರೆಯೋ ಹೊತ್ತಾಯ್ತು. ಈಗ ಹೇಳು, ವಿಗ್ ಮಾಡಿದವರು ಯಾರು?”

“ಇದೂ ಒಂದು ಕೇಳೋ ಮಾತಾ? ನನ್ನ ಹೆಸರು ಹಾಕು.”

ಮಗಳು ಒಳಕೋಣೆಯ ಪರದೆಯತ್ತ ನೋಡಿದಳು. ಅದರ ಹಿಂದೆ ಯಜಮಾನರ ಅಕ್ಕ ಕೊಕ್ಕೆ ಸೂಜಿ ಹಿಡಿದು ತೆಳುವಾದ ಬಲೆಗೆ ಒಂದೊಂದೇ ಕೂದಲನ್ನು ಗಂಟು ಹಾಕುತ್ತಿದ್ದಳು. ಅಂಗಡಿ ಶುರುವಾದಾಗಿನಿಂದ ಅಲ್ಲಿನ ವಿಗ್‌ಗಳನ್ನೆಲ್ಲ ಹೆಣೆದವಳು ಅವಳೇ. ಪುಟದ ತುಂಬ ಇದ್ದದ್ದು ಮಾತ್ರ ಬಾಚಣಿಗೆ ಹಿಡಿದು ನಗುವ ತಮ್ಮನ ಚಿತ್ರ. ಯಜಮಾನರು ಕೆಟ್ಟವರೇನಲ್ಲ, ಅಕ್ಕನ ಊಟ ತಡವಾದರೆ ತಾವೂ ತಟ್ಟೆ ಮುಟ್ಟದವರು. ಮೊದಲ ಗಿರಾಕಿ “ನೀವೇ ಮಾಡೋದಾ?” ಎಂದು ಕೇಳಿದಾಗ “ಹೂಂ” ಎಂದುಬಿಟ್ಟಿದ್ದರು, ಅಷ್ಟೇ. ಆ ಹೂಂಗುಟ್ಟಿದ್ದನ್ನು ಅಲ್ಲಗಳೆಯುವ ದಿನ ಮತ್ತೆ ಬರಲೇ ಇಲ್ಲ.

“ಅತ್ತೆ ಹೆಸರು ಹಾಕ್ತೀನಿ,” ಎಂದಳು ಮಗಳು.

ಯಜಮಾನರು ತಲೆ ಕೆರೆದುಕೊಂಡರು. “ಪುಟದ ಹಿಂದೆ ಅಂದ್ಯಲ್ಲ, ಯಾರಿಗೂ ಕಾಣಲ್ಲ ತಾನೆ?”

“ಕಾಣಲ್ಲ.”

“ಹಾಗಾದ್ರೆ ಹಾಕು. ಪಾಪ, ಇರಲಿ.”

“ಅಲ್ಲೇ ಇರೋದು ತೊಡಕು. ಜನರಿಗೆ ಕಾಣದ್ದನ್ನ ಯಂತ್ರದ ಕಿವಿಯಲ್ಲಿ ಮಾತ್ರ ಊದೋ ಹಾಗಿಲ್ಲ. ಊದಿದ್ರೆ ಮೋಸ ಅಂತ ಚೀಟಿಯನ್ನೇ ಲೆಕ್ಕಕ್ಕೆ ತಗೊಳಲ್ಲ. ಅತ್ತೆ ಹೆಸರು ಪುಟದ ಮೇಲೂ ಕಾಣಬೇಕು.”

“ಹಂಗಿದ್ರೆ ನಂದೇ ಇರಲಿ.”

“ಒಂದು ವಿಗ್ ಹೆಣೆದು ತೋರ್ಸು. ಈಗಲೇ ಹಾಕ್ತೀನಿ.”

ಪರದೆಯ ಹಿಂದಿನಿಂದ ನಗು ಕೇಳಿಸಿತು. “ಪರದೆ ಇರೋದು ಕಣ್ಣಿಗೆ ಕಣೋ, ಕಿವಿಗಲ್ಲ,” ಎಂದಳು ಅಕ್ಕ. “ಅಪ್ಪನ ಹೆಸರೇ ಹಾಕು ಪುಟ್ಟಿ. ಅಂಗಡಿ ಉಳಿದ್ರೆ ಸಾಕು. ಈ ವಯಸ್ಸಲ್ಲಿ ಹೆಸರು ಕಟ್ಕೊಂಡು ನನಗೇನಾಗ್ಬೇಕು?”

ಅವಳು ಬೈದಿದ್ದರೆ ಯಜಮಾನರೂ ತಿರುಗಿ ನಾಲ್ಕು ಮಾತು ಬೈದು ಹಗುರಾಗುತ್ತಿದ್ದರೇನೋ. ಈ ಮಾತು ಅದಕ್ಕೆ ಎಡೆಗೊಡಲಿಲ್ಲ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಮೇಜಿನ ಮೇಲಿದ್ದ ಫೋನ್ ಎತ್ತಿಕೊಂಡು ಹೋಗಿ ಪರದೆ ಸರಿಸಿದರು.

“ಅಕ್ಕಾ, ಈ ಕಡೆ ನೋಡು. ಪುಟಕ್ಕೆ ನಿನ್ನ ಫೋಟೋ ಬೇಕು. ನಂದು ತೆಗೆದುಹಾಕಿ ನಿಂದು ಹಾಕೋಣ. ಕೆಳಗೆ ಹೆಸರು.”

“ಹುಚ್ಚಪ್ಪ!” ಎಂದಳು ಅಕ್ಕ. ಆದರೂ ಸೂಜಿ ಕೆಳಗಿಟ್ಟಳು. ಎರಡೂ ಕೈಯಿಂದ ತಲೆ ಸವರಿಕೊಂಡು, “ತಡಿ ತಡಿ. ಈಗ ಸರಿ ಇದೆಯೇನೋ?” ಎಂದು ಕೇಳಿದಳು.

“ನನ್ನನ್ನೇನು ಕೇಳ್ತೀಯಾ, ಕನ್ನಡಿ ನೋಡ್ಕೋ,” ಎನ್ನುತ್ತ ಯಜಮಾನರು ಒಳಕೋಣೆಯ ಗೋಡೆಗಳತ್ತ ತಿರುಗಿದರು. ಒಂದಾದ ಮೇಲೊಂದು ನಾಲ್ಕು ಗೋಡೆಗಳನ್ನೂ ನೋಡಿದರು. ಊರಿನ ತಲೆಗಳಿಗೆಲ್ಲ ಕೂದಲು ಕೊಟ್ಟ ಆ ಕೋಣೆಯಲ್ಲಿ ಒಂದು ಕನ್ನಡಿಯೂ ಇರಲಿಲ್ಲ.