ಉದ್ದ ಪೆಟ್ಟು, ಗಿಡ್ಡ ಪೆಟ್ಟು

ಮತ್ತೆ ತಾಳ ತಪ್ಪಿತು. ಆಲ್ರೊಯ್ ಡ್ರಮ್ ಸ್ಟಿಕ್ಕುಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆವರು ಒರೆಸಿದ. ಕುವೈತಿನ ಅಬ್ಬಾಸಿಯಾದ ಶಾಲಾ ಸಭಾಂಗಣ ಆಗಲೇ ತುಂಬಿತ್ತು. ಅಲ್ಲಿನ ಮಂಗಳೂರಿಗರ ಮದುವೆಯಿರಲಿ, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರವಿರಲಿ, ಅವನ ಡ್ರಮ್ ಇಲ್ಲದೆ ನಡೆದದ್ದಿಲ್ಲ. ಇವತ್ತು ಪರದೆಯ ಹಿಂದೆ ನಾರ್ವೆಯ ಒಂದು ಪಿಟೀಲು ಅವನನ್ನು ಸೋಲಿಸುತ್ತಿತ್ತು.

"ಮೂರು ಪೆಟ್ಟು ಅಂತೀರಿ. ಆದರೆ ಮೂರೂ ಒಂದೇ ಅಳತೆಯಲ್ಲಿ ಇಲ್ಲವಲ್ಲ!"

ಪಿಟೀಲು ಹಿಡಿದಿದ್ದ ಸಿಗ್ರಿಡ್ ನಕ್ಕಳು. ಆಲ್ರೊಯ್‌ನ ಹೆಂಡತಿ ಫ್ರೀಡಾ ನರ್ಸ್ ಆಗಿರುವ ಆಸ್ಪತ್ರೆಯಲ್ಲೇ ಅವಳು ಫಿಸಿಯೋಥೆರಪಿಸ್ಟ್. "ಇರಬಾರದು. ಮೊದಲನೆಯದು ಉದ್ದ, ಕೊನೆಯದು ಗಿಡ್ಡ. ನಮ್ಮ ಕಡೆಯ ಕುಣಿತವೇ ಹಾಗೆ. ಎಣಿಸಬೇಡಿ, ಕುಣಿಯುವವರ ಮೈ ನೋಡಿ."

ಕಾರ್ಯಕ್ರಮ ನಡೆಸುತ್ತಿದ್ದ ಮಥಾಯಸ್ ಪರದೆ ಸರಿಸಿ ಒಳಬಂದ. "ಯಲ್ಲಾ, ಬೇಗ ಬೇಗ, ಮುಂದಿನದು ನಿಮ್ಮದೇ. ಆಲ್ರೊಯ್, ಆಗದಿದ್ದರೆ ಬಿಡು ಮಾರಾಯ. ಡ್ರಮ್ ಇಲ್ಲದೇ ಮಾಡುವ."

ಆಲ್ರೊಯ್‌ನ ಮುಖ ಕೆಂಪಾಯಿತು. ಇಂಥ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. "ಕುಣಿಯುವವರು ಯಾರು?" ಎಂದ.

"ಸಿಗ್ರಿಡಳ ಗಂಡ. ಮತ್ತೆ ನಾನು," ಎನ್ನುತ್ತಾ ಫ್ರೀಡಾ ಮುಂದೆ ಬಂದು ಚಪ್ಪಲಿ ಬಿಚ್ಚಿದಳು.

"ನೀನಾ? ಯಾವಾಗ ಕಲಿತೆ?"

"ಊಟದ ಬ್ರೇಕಿನಲ್ಲಿ."

"ನನಗೆ ಹೇಳಲಿಲ್ಲ ಎಂತಕ್ಕೆ?"

"ಎಲ್ಲ ಮದುವೆಯಲ್ಲೂ ನೀವು ಊರನ್ನೆಲ್ಲ ಕುಣಿಸ್ತೀರಿ. ನಾನು ಕುರ್ಚಿಯಲ್ಲಿ ಕೂತು ನಿಮ್ಮ ಮೊಬೈಲ್ ಕಾಯ್ತೇನೆ. ಹೇಳಿ ಎಂತ ಮಾಡ್ಲಿಕ್ಕುಂಟು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಚುಚ್ಚಿದ್ದು ಅದೇ.

ಪರದೆ ಎದ್ದಿತು. ಸಿಗ್ರಿಡಳ ಕಮಾನು ತಂತಿಗಳ ಮೇಲೆ ಹಾರಿತು, ಅವಳ ಹಿಮ್ಮಡಿ ಹಲಗೆಯ ಮೇಲೆ ದಬ್ ದಬ್ ಎಂದಿತು. ಅವಳ ಗಂಡ ಫ್ರೀಡಾಳ ಕೈಹಿಡಿದು ಹೆಜ್ಜೆ ಹಾಕಿದ. ಆಲ್ರೊಯ್ ಸ್ಟಿಕ್ ಎತ್ತಲಿಲ್ಲ. ಪಕ್ಕದಿಂದ ಮಥಾಯಸ್ 'ಬೇಡ, ಬೇಡ' ಎಂದು ಕೈಯಾಡಿಸುತ್ತಿದ್ದರೂ ಅತ್ತ ನೋಡಲಿಲ್ಲ. ಅವನು ಹೆಂಡತಿಯ ಮೊಣಕಾಲನ್ನೇ ನೋಡುತ್ತಿದ್ದ. ಅದು ಬಾಗಿತು, ಮೈ ತಗ್ಗಿತು, ತಗ್ಗಿದಲ್ಲೇ ಒಂದಿಷ್ಟು ನಿಂತಿತು. ಆಮೇಲೆ ನಿಧಾನವಾಗಿ ಮೇಲೆದ್ದು, ಕೊನೆಯಲ್ಲಿ ಥಟ್ಟನೆ ಜಾರಿ ಮತ್ತೆ ತಗ್ಗಿತು. ಅಯ್ಯೋ, ಇಷ್ಟೇನಾ! ಅವಳು ತಗ್ಗುವಾಗ ಅವನೂ ಉಸಿರು ಬಿಟ್ಟ. ಎಣಿಕೆ ಎಲ್ಲಿ ಹೋಯಿತೋ!

ಹೊಡೆದ. ಕೂಡಿತು. ಇನ್ನೊಮ್ಮೆ ಹೊಡೆದ. ಕೂಡಿತು!

ಸಿಗ್ರಿಡ್ ತಿರುಗಿ ತನ್ನ ಭಾಷೆಯಲ್ಲಿ ಏನೋ ಕೂಗಿ ಕಮಾನಿಗೆ ಇನ್ನಷ್ಟು ಬಿರುಸು ಕೊಟ್ಟಳು. ತಾಳಕ್ಕೆ ಚಪ್ಪಾಳೆ ತಟ್ಟಲು ಹೋದ ಜನ ನಡುವೆ ಲೆಕ್ಕ ತಪ್ಪಿ, ನಕ್ಕು, ಮತ್ತೆ ತಟ್ಟಿದರು. ಫ್ರೀಡಾ ಬುಗುರಿಯಂತೆ ತಿರುಗಿದಳು. ಕೂದಲು ಬಿಚ್ಚಿಹೋಗಿತ್ತು, ಬಾಯ್ತುಂಬ ನಗು. ಈ ಹೆಂಗಸು ಇಷ್ಟು ದಿನ ತನ್ನ ಮನೆಯಲ್ಲೇ ಇದ್ದಳೇ? ಅವನ ಕೈ ತಾನಾಗಿ ಹೊಡೆಯುತ್ತಿತ್ತು, ಕಣ್ಣು ಅವಳನ್ನು ಬಿಟ್ಟು ಕದಲಲಿಲ್ಲ. ಮುಗಿದಾಗ ಸಭಾಂಗಣವೆಲ್ಲ ಎದ್ದು ನಿಂತು ಸಿಳ್ಳೆ ಹಾಕಿತು.

ಪರದೆ ಇಳಿದೊಡನೆ ಫ್ರೀಡಾ ಏದುಸಿರು ಬಿಡುತ್ತಾ ಅವನ ಪಕ್ಕದಲ್ಲಿ ನೆಲಕ್ಕೆ ಕುಸಿದಳು.

"ನಡುವೆ ನಾನು ಹೆಜ್ಜೆ ತಪ್ಪಿದೆ. ನಿಮಗೆ ಗೊತ್ತಾಯ್ತಾ?"

"ಗೊತ್ತಾಯ್ತು," ಎಂದ ಆಲ್ರೊಯ್. "ಅಲ್ಲೇ ನಾನೂ ತಪ್ಪಿದೆ."