ದೃಢೀಕರಣದ ಹಿಂದಿನ ಮಧ್ಯಾಹ್ನ

ನಂಬಿಕೆ ಆತ್ಮಕ್ಕೆ ಸಂಬಂಧಿಸಿದ ಮಹಾ ಗಂಭೀರ ವಿಷಯ. ನಮ್ಮ ಮನೆಯಲ್ಲಿ ಮಾತ್ರ ಅದು ಬಿಳಿ ಫ್ರಾಕಿನ ಸೊಂಟದ ಅಳತೆಗೆ ಸಂಬಂಧಿಸಿತ್ತು. ಈಗಲೂ ಗಂಜಿ ಹಾಕಿದ ಬಟ್ಟೆಗೆ ಇಸ್ತ್ರಿ ತಾಗಿದ ವಾಸನೆ ಬಂದರೆ ಕುವೆಂಪುನಗರದ ಆ ಶನಿವಾರದ ಮಧ್ಯಾಹ್ನ ನೆನಪಾಗುತ್ತದೆ.

ಮರುದಿನ ಚರ್ಚಿನಲ್ಲಿ ಅಕ್ಕನ ದೃಢೀಕರಣ, ಅಂದರೆ ಮಗುವಾಗಿದ್ದಾಗ ಹೆತ್ತವರು ಅವಳ ಪರವಾಗಿ ಒಪ್ಪಿದ್ದ ನಂಬಿಕೆಯನ್ನು ಅವಳೇ ಒಪ್ಪಿಕೊಳ್ಳುವ ವಿಧಿ. ಬಿಷಪ್ಪರ ಮುಂದೆ ಮಂಡಿಯೂರಿ, ಸಭೆಗೆಲ್ಲ ಕೇಳುವಂತೆ "ನಂಬುತ್ತೇನೆ" ಎನ್ನಬೇಕು. ಅಮ್ಮ ಅದಕ್ಕೆಂದು ಹೊಲಿಸಿದ್ದ ಬಿಳಿ ಫ್ರಾಕಿನ ನೆರಿಗೆಗಳಿಗೆ ಇಸ್ತ್ರಿ ಹಾಕುತ್ತಿದ್ದರು. ಫ್ರಾಕಿನ ಅಂಚು ನೆಲಕ್ಕೆ ತಾಗದಂತೆ ಹಿಡಿಯುವುದು ನನಗೆ ವಹಿಸಿದ್ದ ದೈವಸೇವೆ. ಅಕ್ಕ ಬಾಗಿಲಿಗೂ ಕಿಟಕಿಗೂ ಓಡಾಡುತ್ತಲೇ ಇದ್ದಳು. ಕೊನೆಗೆ ನಿಂತು, "ನಂಗೆ ಹೇಳಕ್ಕಾಗಲ್ಲಮ್ಮ. ನಂಬ್ತೀನೋ ಇಲ್ವೋ ಇನ್ನೂ ಗೊತ್ತಿಲ್ಲ," ಎಂದಳು.

"ಗೊತ್ತಾಗೋಕೇನಿದೆ? ನಿನ್ನ ಜೊತೆಯೋರೆಲ್ಲ ಹೇಳ್ತಾರೆ, ನೀನೂ ಹೇಳ್ಬುಡು."

"ಅವರು ಫೋಟೋದಲ್ಲಿ ಬಿಷಪ್ಪರ ಪಕ್ಕ ಯಾರು ನಿಲ್ಲೋದು ಅಂತ ಜಗಳ ಆಡ್ತಿದಾರೆ."

"ದಟ್ಟಗಳ್ಳಿಯಿಂದ ಚಿಕ್ಕಪ್ಪನ ಮನೆಯೋರೆಲ್ಲ ಊಟಕ್ಕೆ ಬರ್ತಾರೆ ಕಣೇ! ಏನಂತ ಹೇಳ್ಲಿ ಅವರಿಗೆ?"

"ಏನೂ ಹೇಳ್ಬೇಡ, ಊಟ ಹಾಕು," ಎಂದರು ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ. "ದೇವರ ಮುಂದೆ ಸುಳ್ಳು ಹೇಳೋಕೆ ಹೆದರ್ತಾಳಲ್ಲ, ಈ ಮನೇಲಿ ಒಬ್ಬಳಾದ್ರೂ."

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಫ್ರಾಕಿನ ಅಂಚನ್ನು ನನ್ನ ಕೈಯಿಂದ ಬಿಡಿಸಿಕೊಂಡು ಮಡಚತೊಡಗಿದರು.

ಮರುದಿನ ಅಕ್ಕನ ಜೊತೆಯವರೆಲ್ಲ ಬಿಷಪ್ಪರ ಮುಂದೆ ಮಂಡಿಯೂರಿದರು. ಅಕ್ಕ ನಮ್ಮೊಡನೆ ಬೆಂಚಿನಲ್ಲಿ ಕುಳಿತಿದ್ದಳು.